ಎಡಕ್ಕೆ ತಿರುಗುವ ತಕಲಿ

ಬೆಳಕು ಹರಿಯುವ ಮೊದಲೇ ಉಣ್ಣೆಯಕ್ಕ ಕಿಟಕಿ ಪಕ್ಕದ ಸ್ಟೂಲ್ ಮೇಲೆ ಕೂತಾಗಿದೆ. ಮಡಿಲಲ್ಲಿ ನೀಲಿ, ಹಳದಿ, ದಾಳಿಂಬೆ ಕೆಂಪು ಬೆರೆಸಿ ಹಿಂಜಿದ ಉಣ್ಣೆ. ಬಲಗೈ ಬೆರಳಿಂದ ತಕಲಿಗೆ ಒಂದು ಚಿಮ್ಮು ಕೊಟ್ಟರೆ ಸಾಕು, ಅದು ನೇತಾಡುತ್ತ ಗಿರಗಿರ ತಿರುಗುತ್ತದೆ. ಮೂರು ಬಣ್ಣವೂ ಒಂದೇ ಎಳೆಯಾಗಿ ಇಳಿಯುತ್ತವೆ. ಪೇಪರಿಗೆ ಬರೆಯಲೆಂದು ಬಂದ ನಾನು, "ನಾನೊಂದ್ಸಲ ನೋಡ್ಲಾ?" ಎಂದು ತಕಲಿ ಇಸಕೊಂಡು, ಎಲ್ಲರ ಹಾಗೆ ಬಲಕ್ಕೆ ತಿರುಗಿಸುತ್ತೇನೆ ಅಷ್ಟೇ. ಅಯ್ಯೋ ದೇವರೇ! ಹುರಿಯೆಲ್ಲ ಬಿಚ್ಚಿ, ಎಳೆ ಕೈಯಲ್ಲೇ ಕಳಚಿ, ತಕಲಿ ಟಕ್ಕೆಂದು ನೆಲಕ್ಕೆ ಬೀಳುತ್ತದೆ.

"ಗಾಬರಿಯಾಗ್ಬೇಡಿ. ನಮ್ದು ಎಡಕ್ಕೆ," ಎನ್ನುತ್ತಾರೆ ಅಕ್ಕ. ಒಳಕೋಣೆಯತ್ತ ನೋಡಿ ದನಿ ತಗ್ಗಿಸುತ್ತಾರೆ.

ಟೈಲರ್ ಅಂಗಡಿಯ ಮೇಲಿನ ಈ ಎರಡು ಕೋಣೆಯಲ್ಲಿ ಇರುವವರು ಅಕ್ಕ ಮತ್ತು ಅವರ ಓರಗಿತ್ತಿ. ಇಬ್ಬರ ಗಂಡಂದಿರೂ ಈಗಿಲ್ಲ. ಓರಗಿತ್ತಿಯರೆಂದರೆ ಎಣ್ಣೆ ಸೀಗೆಕಾಯಿ ಅಂತಾರಲ್ಲ, ಇಲ್ಲಿ ಹಾಗಲ್ಲ, ಅಕ್ಕ-ತಂಗಿಯರೇ. ಈ ಮನೆಯ ನೂಲಲ್ಲಿ ಒಂದೆಳೆ ಅಕ್ಕನದು, ಒಂದೆಳೆ ತಂಗಿಯದು. ಎರಡನ್ನೂ ಸೇರಿಸಿ ಹೊಸೆದರೇ ಮಾರಾಟಕ್ಕೆ. ದಿನಕ್ಕೊಂದು ಲಡಿ ನೂಲು, ಬಹಳವೆಂದರೆ ಎರಡು.

ಎರಡು ವರ್ಷದ ಹಿಂದೆ ತಂಗಿ ಮೆಟ್ಟಿಲಿಂದ ಜಾರಿ ಬಿದ್ದು ಬಲಗೈ ಹೆಬ್ಬೆರಳಿನ ಕಸುವು ಹೋಯಿತು. ಹಟಮಾರಿ ಹೆಂಗಸು, ಎಡಗೈಯಲ್ಲೇ ಚಿಮ್ಮತೊಡಗಿದರು. ಎಡಗೈ ಚಿಮ್ಮಿದರೆ ತಕಲಿ ಎಡಕ್ಕೇ ತಿರುಗುವುದು. ಬಲದ ಎಳೆಗೆ ಎಡದ ಎಳೆ ಸೇರಿಸಿ ಹೊಸೆದರೆ ಒಂದು ಸುರುಟಿ ಗಂಟಾಗುತ್ತದೆ, ಇನ್ನೊಂದು ಬಿಚ್ಚಿಕೊಳ್ಳುತ್ತದೆ. ಸ್ವೆಟರ್ ಹೆಣೆಯುವವರು ಲಡಿಯನ್ನೇ ವಾಪಸ್ ತಂದರಂತೆ.

"ಲಡಿ ವಾಪಸ್ ಬಂದಿದ್ದು ಹೇಳಿದ್ರೆ ಅವಳು ಆವತ್ತೇ ತಕಲಿ ಕೆಳಗಿಡ್ತಿದ್ಲು. ನಾನು ದಂಡ ಅಂತ ಮೂಲೆ ಹಿಡೀತಿದ್ಲು. ಅದಕ್ಕೆ ನಾನೇ ಎಡಕ್ಕೆ ತಿರುಗಿಸ್ಕೊಂಡೆ."

ನಲವತ್ತು ವರ್ಷದ ಕೈರೂಢಿಯನ್ನು ಉಲ್ಟಾ ಮಾಡಿಕೊಳ್ಳುವುದೆಂದರೆ!

"ಒಂದು ಚಳಿಗಾಲ ಪೂರ್ತಿ ಎಳೆ ಹರೀತಾನೇ ಇತ್ತು. ಅತ್ತೂಬಿಟ್ಟಿದ್ದೀನಿ," ಎಂದು ನಗುತ್ತಾರೆ. ಇದನ್ನು ಬರೆಯಲೇ ಎಂದರೆ, "ಬರ್ಕೊಳ್ಳಿ. ಅವಳು ಪೇಪರ್ ಓದಲ್ಲ, ನೂಲಿನ ಉಂಡೆ ಸುತ್ತಿಡೋಕೆ ಬೇಕು ಅಷ್ಟೇ." ಅವರಿಗಿರುವ ಆಸೆಯೂ ಒಂದೇ. "ಅವಳ ಬೆರಳೊಂದು ವಾಸಿಯಾಗ್ಲಿ."

ಹೊರಡುವಾಗ ತಂಗಿ ಮೆಟ್ಟಿಲಿನವರೆಗೂ ಬರುತ್ತಾರೆ. ಒಮ್ಮೆ ಹಿಂದೆ ತಿರುಗಿ ನೋಡಿ, ಬಲಗೈ ಎತ್ತಿ, ಆ ಹೆಬ್ಬೆರಳಿಂದಲೇ ಚಟ್ಟೆಂದು ಚಿಟಿಕೆ ಹೊಡೆಯುತ್ತಾರೆ.

"ವಾಸಿಯಾಗಿ ವರ್ಷ ಆಯ್ತು," ಎಂದು ಪಿಸುಗುಟ್ಟುತ್ತಾರೆ. "ಅಕ್ಕ ಉಲ್ಟಾ ಕಲಿಯೋದನ್ನ ದಿನಾ ಕದ್ದು ನೋಡ್ತಿದ್ದೆ. ಈಗ ಈ ಕೈ ತೋರಿಸಿದ್ರೆ ಅವಳು ಪಟ್ಟ ಪಾಡೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದಂಗೆ ಆಗಲ್ವಾ? ನೀವು ಬರ್ಕೊಳ್ಳಿ ಪರವಾಗಿಲ್ಲ. ಅಕ್ಕ ಪೇಪರ್ ಓದಲ್ಲ."