ಇಪ್ಪತ್ತು ಮಕ್ಕಳ ಚೀಟಿ

ಮುಖ್ಯೋಪಾಧ್ಯಾಯ ಶುಕ್ರಿ ಚೀಟಿ ಹಿಡಿದುಕೊಂಡು ಬಂದಾಗ ಕರೀಮಾನ್ ಇಟ್ಟಿಗೆ ಚೂರು ಆರಿಸುತ್ತಿದ್ದಳು. ಈಜಿಪ್ಟಿನ ನೈಲ್ ದಂಡೆಯ ಮಲ್ಲವಿ ಊರಿನ ಆ ಪ್ರಾಥಮಿಕ ಶಾಲೆಗೆ ಹತ್ತೊಂಬತ್ತು ವರ್ಷದಿಂದ ಅವಳೇ ವ್ಯಾಯಾಮ ಶಿಕ್ಷಕಿ. ಅಲ್ಲಿ ಶಿಕ್ಷಕಿಯನ್ನು ‘ಅಬ್ಲಾ’ ಎಂದೂ ಮೇಷ್ಟರನ್ನು ‘ಉಸ್ತಾಜ್’ ಎಂದೂ ಕರೆಯುತ್ತಾರೆ. ಕವಾಯತು ಕಂಡರೆ ಅವಳಿಗಾಗದು. ಓಡುವುದು, ಬಗ್ಗುವುದು, ಗುರಿ ಹಿಡಿಯುವುದು ಎಲ್ಲವನ್ನೂ ಆಟದಲ್ಲೇ ಕಲಿಸುತ್ತಿದ್ದಳು. ನಮ್ಮ ಲಗೋರಿ ಅಲ್ಲಿ ಏಳು ಇಟ್ಟಿಗೆಯ ಆಟ. ಹಳೆ ಕಾಲುಚೀಲಕ್ಕೆ ಚಿಂದಿ ತುಂಬಿ ಹೊಲಿದರೆ ಅದೇ ಚೆಂಡು.

“ಅಬ್ಲಾ ಕರೀಮಾನ್, ನಾಳೆ ತನಿಖೆಗೆ ಬರ್ತಾರೆ. ಈ ಇಪ್ಪತ್ತು ಮಕ್ಕಳು ಸಾಲಾಗಿ ಕವಾಯತು ಮಾಡಲಿ. ಮಿಕ್ಕ ಇಪ್ಪತ್ತೆಂಟು ಆ ಮೂಲೆ ಕೋಣೇಲಿರಲಿ, ಬಾಗಿಲು ಹಾಕ್ಕೊಂಡು.”

ಚೀಟಿಯಲ್ಲಿ ದಪ್ಪಗಿರುವವರಿಲ್ಲ, ಕುಂಟುವವರಿಲ್ಲ, ದಮ್ಮಿನವರಿಲ್ಲ, ಚಪ್ಪಲಿ ಹರಿದವರೂ ಇಲ್ಲ. ತನಿಖೆ ಎಂದರೆ ಅಲ್ಲಿ ಮೊದಲಿಂದಲೂ ಇದೇ ಪದ್ಧತಿ. ಶಾಲೆಯೋ, ವಧುಪರೀಕ್ಷೆಯ ಮನೆಯೋ, ಆ ದೇವರೇ ಬಲ್ಲ.

“ಎಲ್ಲರೂ ಆಡ್ತಾರೆ, ಉಸ್ತಾಜ್.”

“ಆ ದಪ್ಪ ಹುಡುಗಿ ಸುಂದುಸ್ ಓಡಿದ್ರೆ ನೋಡಿದೋರು ನಗ್ತಾರೆ.”

“ನಗಲಿ ಬಿಡಿ. ನಗೋದೂ ವ್ಯಾಯಾಮವೇ.”

“ಮಾತು ಮೀರಿದ್ರೆ ನಿಮ್ಮ ಪೀರಿಯಡ್ಡು ಗಣಿತಕ್ಕೆ ಹೋಗುತ್ತೆ, ನೀವು ಉಗ್ರಾಣಕ್ಕೆ ಹೋಗ್ತೀರಿ.”

ಅವಳಿಗೆ ಭಯವಾಗದೆ ಇರಲಿಲ್ಲ. ಇದ್ದದ್ದೇ ವಾರಕ್ಕೆರಡು ಪೀರಿಯಡ್ಡು. ಅದೂ ಹೋದರೆ ಮಕ್ಕಳಿಗೆ ಬೆಂಚೇ ಗತಿ. ಆದರೂ ಮರುದಿನ ಆ ಕೋಣೆಯ ಬಾಗಿಲನ್ನು ಅವಳೇ ತೆರೆದಳು.

ನಾಲ್ಕನೇ ತರಗತಿಯ ನಲವತ್ತೆಂಟೂ ಮಕ್ಕಳು ಅಂಗಳಕ್ಕಿಳಿದರು. ಸುಂದುಸ್ ಬೀಸಿದ ಏಟಿಗೆ ಇಟ್ಟಿಗೆಗಳು ಚೆಲ್ಲಾಪಿಲ್ಲಿಯಾದವು. ಚೆಂಡಿನೇಟು ತಪ್ಪಿಸಿಕೊಳ್ಳುತ್ತ ಅವಳು ಅಂಗಳದ ಉದ್ದಕ್ಕೂ ಓಡಿದಳು. ಎದ್ದ ಧೂಳು ತನಿಖಾಧಿಕಾರಿಯ ಪಾಲಿಶ್ ಬೂಟಿನ ಮೇಲೆ ಕೂತಿತು.

“ಇದು ಬೀದಿ ಆಟ. ವ್ಯಾಯಾಮ ಎಲ್ಲಿ?” ಎಂದರು ಅವರು.

“ಸುಂದುಸ್‌ನ ಕೇಳಿ ಸಾಹೇಬ್ರೇ, ಮಾತಾಡೋಷ್ಟು ಉಸಿರು ಉಳಿದಿದ್ರೆ ಹೇಳ್ತಾಳೆ. ಕವಾಯತಲ್ಲಾದ್ರೆ ನಿಂತಲ್ಲೇ ತೂಕಡಿಸ್ತಾಳೆ.”

ಅವರು ನಗಲಿಲ್ಲ. ‘ಶಿಸ್ತಿಲ್ಲ’ ಎಂದು ಬರೆದು ಹೋದರು.

ಶುಕ್ರವಾರ, ಶನಿವಾರದ ವಾರದ ರಜೆ ಮುಗಿದು ಭಾನುವಾರ ಶಾಲೆ ತೆರೆದಾಗ ಅವಳ ಪೀರಿಯಡ್ಡು ಗಣಿತದ ಪಾಲಾಗಿತ್ತು. ಶುಕ್ರಿ ಉಗ್ರಾಣದ ಬೀಗದಕೈಯನ್ನು ಅವಳ ಮುಂದೆ ಇಟ್ಟ, ದೊಡ್ಡ ಶಿಕ್ಷೆ ಕೊಟ್ಟವನ ಗತ್ತಿನಲ್ಲಿ. ಪಾಪ, ಬೆಕ್ಕನ್ನೇ ಹಾಲಿನ ಕಾವಲಿಗೆ ಕೂರಿಸಿದ್ದ.

ಅಲ್ಲಿ ಉಗ್ರಾಣದಲ್ಲಿರುವುದೆಲ್ಲ ಬೀಗದಕೈ ಇಟ್ಟುಕೊಂಡವರ ಹೊಣೆ. ಏನು ಹರಿದರೂ ಅವರ ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ. ಹಾಗಾಗಿ ಒಳಗೆ ಹೋದದ್ದು ಹೊರಗೆ ಬಂದದ್ದೇ ಇಲ್ಲ. ಕರೀಮಾನ್ ಬಾಗಿಲು ತೆಗೆದರೆ ಹನ್ನೊಂದು ಚರ್ಮದ ಚೆಂಡು, ಹಗ್ಗ, ಸೊಂಟಕ್ಕೆ ಹಾಕಿ ತಿರುಗಿಸುವ ದೊಡ್ಡ ಬಳೆಗಳು, ಎಲ್ಲ ಪ್ಲಾಸ್ಟಿಕ್ ಕೂಡ ಬಿಚ್ಚದೆ ಬಿದ್ದಿದ್ದವು. ಅವಳ ಮೈ ಉರಿದುಹೋಯಿತು. ತಾನು ವರ್ಷಗಟ್ಟಲೆ ಚಿಂದಿ ಹೊಲಿಯುತ್ತಿದ್ದಾಗ ಇವು ಗೋಡೆಯಾಚೆ ಕೊಳೆಯುತ್ತಿದ್ದವು.

ಪಂಪು ಹುಡುಕಿ ಚೆಂಡುಗಳಿಗೆಲ್ಲ ಗಾಳಿ ತುಂಬಿದಳು. ವಿರಾಮದ ಗಂಟೆ ಬಾರಿಸಿದ್ದೇ ತಡ, ಉಗ್ರಾಣದ ಎರಡೂ ಕದ ತೆರೆದಿಟ್ಟು ನಿಂತಳು. ಶುಕ್ರಿ ಏದುಸಿರು ಬಿಡುತ್ತ ಬಂದ.

“ಏನ್ ಮಾಡ್ತಿದ್ದೀರಿ? ಹರಿದ್ರೆ ನಿಮ್ಮ ಸಂಬಳ ಹೋಗುತ್ತೆ.”

“ಹೋಗ್ಲಿ ಉಸ್ತಾಜ್. ಪೀರಿಯಡ್ಡು ನಿಮ್ಮದಿರಬಹುದು, ವಿರಾಮ ಮಕ್ಕಳದ್ದು.”

ಮೊದಲ ಚೆಂಡನ್ನು ಸುಂದುಸ್ ಕೈಗಿಟ್ಟಳು.

“ಹರಿಯೋ ತನಕ ಆಡಬೇಕು, ತಿಳೀತಾ? ಹೊಸದಾಗೇ ತಂದ್ರೆ ವಾಪಸ್ ತಗೊಳ್ಳಲ್ಲ.”