ವಿಭೂತಿ ಹಚ್ಚಿದ ಹಾರ್ಡ್ ಡಿಸ್ಕ್

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಅಕ್ಕನ ಕಂಪ್ಯೂಟರ್ ನಿಂತಿತು. ಹೊತ್ತು ನನಗೆ ನೆನಪಿರುವುದು ಪರದೆಯ ಮೂಲೆಯ ಗಡಿಯಾರವೂ ಅಲ್ಲೇ ನಿಂತುಬಿಟ್ಟಿದ್ದರಿಂದ. ಡಬ್ಬಿಯೊಳಗಿಂದ ಟಕ್, ಟಕ್ ಎಂಬ ಸದ್ದು. ನಾನು ಹುಮನಾಬಾದಿನಿಂದ ನಾಲ್ಕು ದಿನ ಇದ್ದು ಹೋಗೋಣ ಎಂದು ಬಸವಕಲ್ಯಾಣಕ್ಕೆ ಬಂದವಳು. ಬಿ.ಎಸ್ಸಿ. ಓದಿದವಳು ಎಂಬ ಕಾರಣಕ್ಕೆ ಅಕ್ಕ ನನ್ನ ಮುಖವನ್ನೇ ನೋಡಿದಳು.

ಅಕ್ಕನದು ಕುಪ್ಪಸಗಳಿಗೆ ಕಸೂತಿ ಹಾಕುವ ಕೆಲಸ. ಪೆನ್ಸಿಲ್ಲಿನಲ್ಲಿ ಬರೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ಹೊಲಿಗೆ ಹೊಲಿಗೆಯಾಗಿ ಕೂಡಿಸುತ್ತಾಳೆ. ಆಮೇಲೆ ಯಂತ್ರ ಅದನ್ನು ಬಟ್ಟೆಯ ಮೇಲೆ ಹೊಲಿಯುತ್ತದೆ. ಜೋಳದ ತೆನೆ, ಹುಣಸೆ ಹೂವು, ಗೋಧಿಯ ಸಾಲು, ಯಾರ ಬಳಿಯೂ ಇಲ್ಲದ ವಿನ್ಯಾಸಗಳು. ಮೋರಖಂಡಿಯಿಂದ, ಚಿಟಗುಪ್ಪದಿಂದ ಮದುಮಕ್ಕಳ ಮನೆಯವರು ಹುಡುಕಿಕೊಂಡು ಬರುವುದು ಅವುಗಳಿಗಾಗಿಯೇ. ಎಲ್ಲವೂ ಆ ಒಂದೇ ಡಿಸ್ಕಿನಲ್ಲಿದ್ದವು. ಯಂತ್ರ ನಡೆಸುವ ಸಾಫ್ಟ್‌ವೇರೂ ಅದರಲ್ಲೇ. ಅದನ್ನು ಹಾಕಿಕೊಟ್ಟವನು ಅಂಗಡಿ ಮುಚ್ಚಿಕೊಂಡು ಎಲ್ಲೋ ಹೋಗಿದ್ದ. ಹಾಗಾಗಿ ಫೈಲುಗಳನ್ನಷ್ಟೇ ಎತ್ತಿಟ್ಟುಕೊಂಡರೆ ಸಾಲದು. ಡಿಸ್ಕನ್ನು ಇದ್ದ ಹಾಗೆಯೇ ಇಡಿಯಾಗಿ ಹೊಸದಕ್ಕೆ ಇಳಿಸಬೇಕು, ಕ್ಲೋನ್ ಮಾಡಬೇಕು. ಅದು ಹೋದರೆ ಅಕ್ಕನ ಯಂತ್ರ ಬರೀ ಕಬ್ಬಿಣ.

ಬಂದ್ ಮಾಡಿ ಮತ್ತೆ ಹಚ್ಚಿದಾಗ ಕಂಪ್ಯೂಟರ್ ಹೇಗೋ ಎದ್ದಿತು. ನಾನು ಉಚಿತ ಸಾಫ್ಟ್‌ವೇರ್ ಹುಡುಕಲು ಕೂತೆ. ಅಂದಿನ ಸಿಟ್ಟು ಇನ್ನೂ ಇಳಿದಿಲ್ಲ. ಒಂದೊಂದು ಪುಟದಲ್ಲೂ ಮೂರು ಮೂರು ಹಸಿರು ಗುಂಡಿಗಳು. ಎರಡು ಒತ್ತಿದರೆ ಬೇರೇನೋ ಬಂದು ಮೈಮೇಲೆ ಬೀಳುತ್ತದೆ. ಒಂದು ಸಾಫ್ಟ್‌ವೇರ್ ‘ಸಂಪೂರ್ಣ ಉಚಿತ’ ಎಂದು ದೊಡ್ಡದಾಗಿ ಬರೆದುಕೊಂಡಿತ್ತು. ಸಾಯುತ್ತಿರುವ ಡಿಸ್ಕನ್ನು ಮೂಲೆ ಮೂಲೆ ತಡಕಾಡಿ, ಕೊನೆಯ ಗುಂಡಿ ಒತ್ತಿದ ಮೇಲೆ ದುಡ್ಡು ಕಟ್ಟು ಎಂದಿತು. ಇನ್ನೊಂದು, ಫೈಲುಗಳಿರುವ ಡಿಸ್ಕಾದರೆ ಉಚಿತ, ವಿಂಡೋಸ್ ಇರುವ ಡಿಸ್ಕಾದರೆ ಅಲ್ಲ ಎಂದಿತು. ಇದನ್ನು ಮೊದಲೇ ಹೇಳಲು ಇವರಿಗೆ ಏನಾಗಿತ್ತು? ಒಂದೊಂದು ಸುಳ್ಳಿಗೂ ಡಿಸ್ಕಿನ ಆಯುಷ್ಯ ಸವೆಯುತ್ತಿತ್ತು, ಆ ಟಕ್ ಟಕ್ ಹತ್ತಿರವಾಗುತ್ತಿತ್ತು.

“ಫುಕಟ್ ಅಂದ್ರ ಫುಕಟ್ ಇರಬೇಕಲ್ಲ?” ಎಂದಳು ಅಕ್ಕ. “ಊಟಕ್ಕ ಕರದು, ತಾಟಿನ ಮುಂದ ಕೂಡಿಸಿ, ರೊಕ್ಕ ಕೇಳಿದಂಗಾತಲ್ಲ ಇದು.”

ಕೊನೆಗೆ ಒಂದು ಸಿಕ್ಕಿತು. ಅಂದಚಂದವಿಲ್ಲದ್ದು, ಕಪ್ಪು ಪರದೆ. ಪೆನ್‌ಡ್ರೈವಿನಿಂದಲೇ ಎದ್ದು ಕೆಲಸ ಮಾಡುತ್ತದೆ, ವಿಂಡೋಸನ್ನು ಎಬ್ಬಿಸುವುದೇ ಇಲ್ಲ. ಬರೆದವರು ಅದರ ಒಳಗುಟ್ಟನ್ನೆಲ್ಲ ಯಾರು ಬೇಕಾದರೂ ಓದಲಿ ಎಂದು ತೆರೆದಿಟ್ಟಿದ್ದಾರೆ. ನೇರ ಕ್ಲೋನ್ ಮಾಡುವ ಬದಲು, ಇಡೀ ಡಿಸ್ಕನ್ನು ಒಂದು ಗಂಟಿನಂತೆ ಕಟ್ಟಿ ಮೂರನೆಯ ಡಿಸ್ಕಿನಲ್ಲಿ ಮೊದಲು ಇಡಬಹುದು. ಅದಕ್ಕೆ ಇಮೇಜ್ ಎನ್ನುತ್ತಾರೆ. ಹಳೆಯದು ಅಷ್ಟರಲ್ಲಿ ಸತ್ತರೂ ಗಂಟು ಉಳಿಯುತ್ತದೆ. ನನಗೆ ಬೇಕಾಗಿದ್ದದ್ದು ಇದೇ. ಆದರೆ ಮೂರನೆಯ ಡಿಸ್ಕೂ ಜೋಡಿಸುವ ವೈರುಗಳೂ ನಮ್ಮಲ್ಲಿರಲಿಲ್ಲ. ಹುಮನಾಬಾದಿನಲ್ಲಿ ನನ್ನ ಮನೆಯ ಹತ್ತಿರದ ರಿಪೇರಿ ಅಂಗಡಿಯಲ್ಲಿದ್ದವು.

ಅಕ್ಕನ ಗಂಡ, ನಮ್ಮ ಮಾಮಾ, ಪೇಟೆಗೆ ಹೋಗಿ ಹೊಸ ಡಿಸ್ಕ್ ತಂದರು. ಹಳೆಯದು ಇಷ್ಟು ವರ್ಷ ಬಾಳಿತ್ತೆಂದು ಅದೇ ಕಂಪನಿಯದು, ಅದೇ ಅಳತೆಯದು. ಆ ಮನೆಯಲ್ಲಿ ಹೊಸ ಪಾತ್ರೆ ಬಂದರೂ ವಿಭೂತಿ ಹಚ್ಚದೆ ಒಲೆ ಏರುವುದಿಲ್ಲ. ಮಾಮಾ ಹೊಸ ಡಿಸ್ಕಿಗೆ ಮೂರು ಬೆರಳಿನ ವಿಭೂತಿ ಎಳೆದರು. ನಾನು ನೋಡಿದ್ದು ಅಷ್ಟೇ. ಅವರು ಎಳೆದದ್ದು ಡಿಸ್ಕಿನ ಮೇಲಲ್ಲ, ಅದರ ಪ್ಲಾಸ್ಟಿಕ್ ಚೀಲದ ಮೇಲೆ. ಬಿಚ್ಚಿ ತೆಗೆದ ಹಳೆಯದನ್ನೂ ಹೊಸದನ್ನೂ ಕುಪ್ಪಸದ ಖಣದಲ್ಲಿ ಸುತ್ತುವಾಗ, ಪಾಪ, ಇದೂ ದುಡಿದದ ಎಂದುಕೊಂಡು ಹಳೆಯದರ ಮೈಮೇಲೂ ಎಳೆದಿದ್ದರು. ಇದು ನನಗೆ ಆಮೇಲೆ ತಿಳಿದದ್ದು.

ಮರುದಿನ ನಾನೂ ಅಕ್ಕನೂ ಎರಡೂ ಡಿಸ್ಕ್ ಹಿಡಿದು ಹುಮನಾಬಾದಿಗೆ ಹೋದೆವು. ರಿಪೇರಿ ಅಂಗಡಿಯವನು ನನ್ನ ಪೆನ್‌ಡ್ರೈವ್ ನೋಡಿ ನಕ್ಕ. “ಫುಕಟ್ ಮಾಲ್ ಯಾಕ್ರಿ ಅಕ್ಕಾರ? ನನ್ನ ಬಲ್ಲಿ ರೊಕ್ಕದ ಸಾಫ್ಟ್‌ವೇರ್ ಅದ.”

“ನೀವು ರೊಕ್ಕ ಕೊಟ್ಟು ತಗೊಂಡಿರೇನು?”

“ಛೇ, ನಾ ಯಾಕ ಕೊಡ್ಲಿ? ಕದ್ದದ್ದೇ!”

“ಮೊದಲು ಇಮೇಜ್ ಮಾಡ್ರಿ” ಎಂದೆ. “ಅದೆಲ್ಲಾ ಟೈಮ್ ವೇಸ್ಟ್ ರಿ. ಡೈರೆಕ್ಟ್ ಮಾಡಿ ಒಗೀತೀನಿ. ಇದರಾಗ ಹೊಸಾದು ಯಾವ್ದು?” ಎನ್ನುತ್ತ ಅವನು ಚೀಲ ಹರಿದು ಬುಟ್ಟಿಗೆ ಎಸೆದ. ಕೌಂಟರಿನ ಈ ಕಡೆ ನಿಂತು ನಾನು ಹೇಳಿದೆ: “ವಿಭೂತಿ ಇದ್ದದ್ದು ಹೊಸಾದು.”

ಅವನು ಎರಡನ್ನೂ ಜೋಡಿಸಿದ. ತನ್ನ ಸಾಫ್ಟ್‌ವೇರಿನಲ್ಲಿ ಒಂದು ಕಣವನ್ನೂ ಬಿಡದೆ ನಕಲು ಮಾಡುವ ಆಯ್ಕೆ ಒತ್ತಿದ. ಒಂದೇ ಕಂಪನಿ, ಒಂದೇ ಅಳತೆ; ಪರದೆಯಲ್ಲಿ ಎರಡಕ್ಕೂ ಒಂದೇ ಹೆಸರು. ಮೇಲೆ ಮೂಲ, ಕೆಳಗೆ ಗುರಿ. ಗುರಿಯಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂಬ ಪ್ರಶ್ನೆ ಬಂತು. ಆಗ ನನ್ನ ಕಣ್ಣು ಡಿಸ್ಕ್ ಎಷ್ಟು ತುಂಬಿದೆ ಎಂದು ತೋರಿಸುವ ಪಟ್ಟಿಗಳ ಮೇಲೆ ಬಿತ್ತು. ಮೇಲಿನ ಪಟ್ಟಿ ಪೂರ್ತಿ ಬಿಳಿ. ಕೆಳಗಿನದು ಅಂಚಿನವರೆಗೆ ನೀಲಿ. ಹೊಸ ಡಿಸ್ಕಿನಲ್ಲಿ ಏನು ತುಂಬಿದೆ?

ಅವನ ಬೆರಳು ಮೌಸಿನ ಮೇಲಿತ್ತು. ನಾನು ಕೌಂಟರಿನ ಮೇಲೆ ಬಾಗಿ ಅವನ ಮಣಿಕಟ್ಟು ಹಿಡಿದೆ.

“ಕೈ ಬಿಡ್ರೀ! ಮಂದಿ ನೋಡಾಕತ್ತಾರ!”

“ನೋಡ್ಲಿ! ಖಾಲಿ ಡಿಸ್ಕ್ ತಂದು ತುಂಬಿದ್ದರ ಮ್ಯಾಲ ಹಾಕಾಕತ್ತೀರಲ್ಲ, ಕಣ್ಣಿಲ್ಲೇನು ನಿಮಗ?”

ಅವನು ಪರದೆ ನೋಡಿದ. ಮೌಸ್ ಬಿಟ್ಟ. ತಪ್ಪಾಯಿತು ಎನ್ನಲಿಲ್ಲ. “ನೀವೇ ಹೇಳಿದ್ರಿ, ವಿಭೂತಿ ಇದ್ದದ್ದು ಹೊಸಾದು ಅಂತ. ದೇವರ ಹೆಸರಲೇ ಗುರ್ತು ಹಾಕಿದ್ರ ಹ್ಯಾಂಗ?” ಎಂದ. ಅವನ ಮಾತು ಸುಳ್ಳಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ನಾನು ಹೇಳುವ ಮೊದಲೇ ಚೀಲ ಹರಿದವನು ಅವನು. ಕಣ್ಣೆದುರಿನ ನೀಲಿಯನ್ನು ನೋಡದವನೂ ಅವನೇ. ಅಕ್ಕ ಸ್ಟೂಲಿನ ಮೇಲೆ ಕೂತುಬಿಟ್ಟಿದ್ದಳು. ಖಣದ ತುದಿಯಿಂದ ಒಂದು ಕೆಂಪು ದಾರ ಎಳೆದು, ಎದ್ದು ಬಂದು, ತುಂಬಿದ್ದಕ್ಕೆ ಗುರುತೆಂದು ಹಳೆಯ ಡಿಸ್ಕಿಗೆ ಕಟ್ಟಿದಳು.

ಆಮೇಲೆ ನನ್ನ ಪೆನ್‌ಡ್ರೈವಿನದೇ ನಡೆಯಿತು. ಕಪ್ಪು ಪರದೆ ಪ್ರತಿ ಡಿಸ್ಕಿನ ಸೀರಿಯಲ್ ನಂಬರು ತೋರಿಸಿತು. ಡಿಸ್ಕಿನ ಮೈಮೇಲಿನ ನಂಬರನ್ನು ನಾನು ಗಟ್ಟಿಯಾಗಿ ಓದಿದೆ, ಅಕ್ಕ ಪರದೆಯಲ್ಲಿ ಬೆರಳಿಟ್ಟಳು. ಗಂಟು ಕಟ್ಟಲು ಮಧ್ಯಾಹ್ನವೆಲ್ಲ ಬೇಕಾಯಿತು, ನಡುವೆ ಕೆಲವು ಕಡೆ ಡಿಸ್ಕ್ ಓದಲಾಗದೆ ತೊದಲಿತು. ಆಮೇಲೆ ಆ ಗಂಟನ್ನು ಹೊಸ ಡಿಸ್ಕಿಗೆ ಬಿಚ್ಚಿ ಇಳಿಸಿದೆವು. ಮರುದಿನ ಬಸವಕಲ್ಯಾಣದಲ್ಲಿ ಹೊಸ ಡಿಸ್ಕಿನಿಂದ ಯಂತ್ರ ಜೋಳದ ತೆನೆಯನ್ನು ಹೊಲಿಯಿತು. ಹುಣಸೆ ಹೂವು ಮಾತ್ರ ತೆರೆಯಲಿಲ್ಲ. “ಬಿಡು, ಮತ್ತ ಬರೀತೀನಿ” ಎಂದಳು ಅಕ್ಕ.

ಅವಳು ಬಿಟ್ಟಳು, ನಾನು ಬಿಡಲಿಲ್ಲ. ಹಾಸಿಗೆಗೆ ಬಿದ್ದರೆ ಆ ಬೆರಳು, ಆ ನೀಲಿ ಪಟ್ಟಿ. ನೋಡುವುದು ಕ್ಷಣ ತಡವಾಗಿದ್ದರೆ? ಬೆಚ್ಚಿ ಏಳುತ್ತಿದ್ದೆ. ‘ಉಚಿತ’ ಎಂದು ಬರೆದವರನ್ನು, ಅಂಗಡಿಯವನನ್ನು ಬೈಯುತ್ತಿದ್ದೆ. ಮಾಮಾನನ್ನು ಮಾತ್ರ ಬೈಯಲಾಗುತ್ತಿರಲಿಲ್ಲ. ಅವರಿಗೆ ಯಾರೂ ಏನೂ ಹೇಳಿರಲಿಲ್ಲ, ಅವರು ಮಾಡಿದ್ದು ಪ್ರೀತಿಯಿಂದ.

ಕೆಲವು ವಾರಗಳ ಮೇಲೆ, ಗಂಟಿನ ಇನ್ನೊಂದು ಪ್ರತಿ ಹುಮನಾಬಾದಿನ ನನ್ನ ಕಪಾಟಿನಲ್ಲಿರಲಿ ಎಂದು ಬೇರೆ ಡಿಸ್ಕ್ ತೆಗೆದುಕೊಂಡು ಬಸವಕಲ್ಯಾಣಕ್ಕೆ ಹೋದೆ. ಪ್ರತಿ ಮಾಡಿ, ಅದು ಕೆಡದೆ ಬಂದಿದೆಯೇ ಎಂದು ಪರೀಕ್ಷಿಸಿ, ಡಿಸ್ಕನ್ನು ಮೇಜಿನ ಮೇಲಿಟ್ಟಿದ್ದೆ. ಮಾಮಾ ವಿಭೂತಿ ಗಟ್ಟಿ ಹಿಡಿದು ಬಂದರು.

“ಮಾಮಾ, ಹಚ್ಚಬ್ಯಾಡ್ರಿ!”

ನನ್ನ ದನಿಗೆ ನಾನೇ ಬೆದರಿದೆ. ಅವರು ಅಲ್ಲೇ ನಿಂತರು. ನಾನು ಎಲ್ಲವನ್ನೂ ಹೇಳಿದೆ. ಚೀಲ, ಬುಟ್ಟಿ, ಮಣಿಕಟ್ಟು. ಅಳುತ್ತಲೇ ಬೈದೆ. ಅವರು ಕೈಯಲ್ಲಿದ್ದ ವಿಭೂತಿ ಗಟ್ಟಿಯನ್ನು ನೋಡಿಕೊಂಡರು.

“ಹಂಗಾದ್ರ ನನ್ನ ಹಣೀಗಿ ಹಚ್ಚಕೋಬಹುದೇನವ್ವ?” ಎಂದರು. “ನಾ ಹಳೇ ಮಾಲ್ ಅಂತ ಎಲ್ಲಾರಿಗೂ ಗೊತ್ತದ.”

ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ. ಡಿಸ್ಕಿಗೆ ನಾನೇ ಕೆಂಪು ದಾರ ಕಟ್ಟಿದೆ. ಅಂದು ಅವರ ಪಡಸಾಲೆಯಲ್ಲೇ ಮಲಗಿದೆ. ಕಣ್ಣು ಬಿಟ್ಟಾಗ ಬಿಸಿಲು ಕಾಲ ಮೇಲಿತ್ತು, ಒಳಗೆ ಯಂತ್ರ ಹೊಲಿಯುತ್ತಿತ್ತು.