ಲತಾಮಣಿಯ ಪೇಜು, ಹಳೇ ಬ್ರೌಸರು

ಚನ್ನಪಟ್ಟಣದ ಬೊಂಬೆ ಮಾಡುವವರ ಸಂಘಕ್ಕೂ ವೆಬ್‌ಸೈಟ್ ಆಯಿತೆಂದು, ೨೦೦೭ರ ಒಂದು ಬೆಳಿಗ್ಗೆ ಕಾರ್ಯದರ್ಶಿ ನಟರಾಜು ಎಲ್ಲರನ್ನೂ ಕೂರಿಸಿ, ಗಂಟಲು ಸರಿಮಾಡಿಕೊಂಡು, ಕಚೇರಿಯ ಕಂಪ್ಯೂಟರಿನಲ್ಲಿ ಪೇಜು ತೆರೆದರು. ಪರದೆಯ ಮೇಲೆ ಕುಂಕುಮದ ಭರಣಿಗಳ ಚಿತ್ರಗಳು ಒಂದರ ಮೇಲೊಂದು ಉರುಳಿಬಿದ್ದಿದ್ದವು. ಹಿರಿಯ ಕೆಲಸಗಾರ ಖಲಂದರ್ ಸಾಬರ ಫೋಟೊದ ಹಣೆಯ ಮೇಲೆ ‘ಡಜನ್ ಲೆಕ್ಕದಲ್ಲಿ ದೊರೆಯುತ್ತದೆ’ ಎಂಬ ಸಾಲು ಬಂದು ಕೂತಿತ್ತು.

“ಒಬ್ಬನ್ನ ಕಟ್ಕೊಂಡೇ ಸಾಕಾಗೋಗೈತೆ ಅಂತ ನಮ್ಮನೆಯೋಳು ದಿನಾ ಅಂತಾಳೆ. ನೀನು ಡಜನ್ ಕೊಡ್ತೀನಿ ಅಂತೀಯಲ್ಲ ನಟರಾಜಣ್ಣ” ಎಂದರು ಖಲಂದರ್.

ಭಾಷಣಕ್ಕೆಂದು ಬರೆದಿಟ್ಟುಕೊಂಡಿದ್ದ ಚೀಟಿಯಿಂದ ನಟರಾಜು ಬೆವರು ಒರೆಸಿಕೊಂಡರು. ಮರ್ಯಾದೆ ಹೋದದ್ದು ಹೋಗಲಿ. ಅದೇನು ಮೊದಲ ಸಲವಲ್ಲ. ಆದರೆ ಸಂಜೆ ನಾಲ್ಕಕ್ಕೆ ಮುಂಬಯಿಯ ದೊಡ್ಡ ಅಂಗಡಿಯವರು ಇದೇ ಪೇಜು ನೋಡಿ ಆರ್ಡರ್ ವಿಷಯ ಹೇಳುವವರಿದ್ದರು. ಪ್ಲಾಸ್ಟಿಕ್ ಬೊಂಬೆ ಬಂದಮೇಲೆ ಸಂಘದ ಮರ ಕಡೆಯುವ ಲೇತ್‌ಗಳಲ್ಲಿ ಅರ್ಧ ನಿಂತೇ ಇದ್ದವು. ಅವು ತಿರುಗಬೇಕಾದರೆ ಈ ಆರ್ಡರ್ ಬರಬೇಕು.

ಪೇಜು ಮಾಡಿದ ಲತಾಮಣಿಗೆ ಹೇಳಿಕಳಿಸಿದರು. ಬಸ್ ನಿಲ್ದಾಣದೆದುರು ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು, ಮದುವೆ ಕಾರ್ಡಿನಿಂದ ಹಿಡಿದು ವೆಬ್‌ಸೈಟಿನವರೆಗೆ ಮಾಡಿಕೊಡುತ್ತಿದ್ದ ಹೆಂಗಸು. ಪೇಜು ಬರೆಯುವುದಕ್ಕೆ ಹೊಸ ನಿಯಮ ಬಂತೆಂದರೆ ಊರಿಗೆ ಮೊದಲು ತಾನೇ ಕಲಿಯಬೇಕೆಂಬ ಹಟ. ಅಪ್ಪ ಗಂಗಯ್ಯ ಲೇತಿನವನು. ಭರಣಿಗೆ ತನ್ನದೇ ಮುಚ್ಚಳ ಹಾಕಿ, ಟಕ್ಕೆಂದು ಕೂತರೆ ಕೆಲಸ ಮುಗಿಯಿತೆನ್ನುತ್ತಿದ್ದ. ಮಗಳೂ ಹಾಗೆಯೇ. ತನ್ನ ಕಂಪ್ಯೂಟರಿನ ಹೊಸ ಬ್ರೌಸರಿನಲ್ಲಿ ಪೇಜು ಕೂತಿತು, ಮುಗಿಯಿತು. ಆ ಮುಚ್ಚಳವನ್ನು ಬೇರೆಯವರ ಭರಣಿಗೂ ಹಾಕಿ ನೋಡಬೇಕೆಂದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಲತಾಮಣಿ ಬಂದು ಪರದೆ ನೋಡಿದಳು. ಮೂಗಿನ ಹತ್ತಿರ ಯಾರೋ ಸತ್ತ ಇಲಿ ಹಿಡಿದಂತಾಯಿತು ಅವಳ ಮುಖ.

“ಆರು ವರ್ಷದ ಹಳೇ ಬ್ರೌಸರ್ ಅಣ್ಣ ಇದು. ನಾನು ಹೊಸ ನಿಯಮದಂಗೆ ಬರ್ದಿವ್ನಿ, ಇದ್ಕೆ ತಿಳಿಯಾಕಿಲ್ಲ. ಮುಂಬೈನೋರ್ತಾವ ಏನೈತೆ, ಒಸಿ ಕೇಳಿ.”

ನಟರಾಜು ಫೋನು ಮಾಡಿದರು. ಅಲ್ಲೂ ಇದೇ. ಬದಲಾಯಿಸಲು ಅವರ ಆಫೀಸಿನಲ್ಲಿ ಬಿಡುವುದಿಲ್ಲವಂತೆ.

ಲತಾಮಣಿ ಹಲ್ಲು ಕಚ್ಚಿಕೊಂಡು ಕೂತಳು. ಹಳೇ ಬ್ರೌಸರಿನ ತಪ್ಪು ಲೆಕ್ಕಕ್ಕೆ ಹೊಂದಲೆಂದು, ಸರಿಯಾಗಿದ್ದ ಅಳತೆಗಳನ್ನು ಬೇಕೆಂದೇ ತಪ್ಪಿಸಿದಳು. ಅದಕ್ಕೆ ಮಾತ್ರ ಕಾಣುವಂತೆ ಸುಳ್ಳು ಸಾಲುಗಳನ್ನು ತುರುಕಿದಳು. ಬೊಂಬೆಗಳ ಸುತ್ತ ಮೂಡಿದ್ದ ಬೂದು ಚೌಕ ಹೋಗಲೆಂದು ಚಿತ್ರಗಳನ್ನೆಲ್ಲ ಮತ್ತೆ ಮಾಡಿದಳು. ನಡುವೆ ತಾನು ಬರೆದದ್ದನ್ನು ಓದಿಕೊಂಡು, “ಥೂ, ಬಚ್ಚಲಿಗೆ ರಂಗೋಲಿ ಬುಟ್ಟಂಗೈತೆ” ಎಂದಳು. ಸಹಾಯ ಮಾಡಲು ಹೋದ ನಟರಾಜು ಕಾಫಿ ಲೋಟವನ್ನು ಕೀಬೋರ್ಡಿನ ಪಕ್ಕ ಇಟ್ಟರು. ಖಲಂದರ್ ಲೋಟವನ್ನೂ ಅವರನ್ನೂ ಒಟ್ಟಿಗೆ ದೂರ ಸರಿಸಿದರು.

ನಾಲ್ಕು ಗಂಟೆಗೆ ಮುಂಬಯಿಯ ಫೋನು ಬಂತು. ಭರಣಿಗಳು ಅವರಿಗೆ ನೆಟ್ಟಗೆ, ಸಾಲಾಗಿ ಕಂಡಿದ್ದವು. ಆರ್ಡರ್ ಕೊಟ್ಟರು. ಎಲ್ಲರೂ ಸಿಹಿ ತರಿಸುವ ಮಾತಾಡುತ್ತಿದ್ದರೆ, ಲತಾಮಣಿ ಎದ್ದುಹೋಗಿ ಸೋಪು ಹಾಕಿ ಕೈ ತೊಳೆದುಕೊಂಡು ಬಂದಳು.

“ಈ ಹಳೇ ಬ್ರೌಸರ್ ಶನಿ ಯಾವಾಗಮ್ಮ ತೊಲಗೋದು?” ಎಂದು ನಟರಾಜು ಕೇಳಿದರು.

“ಅದುಕ್ಕೇನವಸರ ಅಣ್ಣ” ಎಂದಳು ಲತಾಮಣಿ. “ಅದರಲ್ಲೂ ಎಲ್ಲಾ ಚೆಂದಾಗಿ ಕಾಣೋ ಹಂಗೆ ಮಾಡ್ಕೊಟ್ಟಿವ್ನಲ್ಲ.”